ಶಾಲೆಗೆ ಕಳಿಸೋದಾ, ಮೊಬೈಲ್ ಪಾಠವೇ ಸಾಕಾ?

2021ರ ಅಕ್ಟೋಬರ್ 25ರಿಂದ ಕರ್ನಾಟಕದಲ್ಲಿ ಒಂದರಿಂದ ಐದನೇ ಕ್ಲಾಸಿನವರಿಗೂ ಕೊರೊನಾದಿಂದ ಮುಚ್ಚಿದ್ದ ಶಾಲೆ ಮತ್ತೆ ಶುರುವಾಯಿತು. ಮಕ್ಕಳನ್ನು ಕಳಿಸೋಕೆ ಪೋಷಕರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋದಾ ಬೇಡವಾ ಅನ್ನೋ ಗೊಂದಲ ಆಗ ಎಲ್ಲರ ಮನೆಯಲ್ಲೂ ಇತ್ತು, ಅಲ್ವಾ?

ಮನೆಯಲ್ಲೇ ಇದ್ದರೆ ಸೋಂಕಿನ ಭಯ ಕಡಿಮೆ ಇತ್ತು. ಅಜ್ಜಿಗೆ ಸಕ್ಕರೆ ಕಾಯಿಲೆ ಇದ್ದು, ಲಸಿಕೆ ಎರಡು ಡೋಸ್ ಆಗಿಲ್ಲ ಅಂದರೆ ಆಗ ಇದೇ ಸರಿಯಾಗಿತ್ತು. ಆದರೆ ಒಂದೇ ಫೋನಿಗೆ ಇಬ್ಬರು ಮಕ್ಕಳು, ನೆಟ್‌ವರ್ಕ್ ಬೇಕೆಂದರೆ ಮಹಡಿ ಹತ್ತಬೇಕಿತ್ತು. ಆಗ ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಕ್ಯಾಮೆರಾ ಆಫ್ ಮಾಡಿ ಬೆಕ್ಕಿನ ಜೊತೆ ಆಡುತ್ತಿದ್ದಳು. ಒತ್ತಕ್ಷರ ಮರೆತೇಬಿಟ್ಟಿದ್ದಳು, ಒಂದು ದಿನ 'ಅಕ್ಕ' ಬರೆ ಅಂದರೆ 'ಅಕ' ಅಂತ ಬರೆದಳು.

ಶಾಲೆಯಲ್ಲಿ ಮಾಸ್ಕ್ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ, ನಿಜ. ಮಕ್ಕಳ ಲಸಿಕೆಯೂ ಆಗ ಇನ್ನೂ ಶುರುವಾಗಿರಲಿಲ್ಲ. ಆದರೂ ಟೀಚರ್ ಎದುರಿಗಿರುತ್ತಾರೆ, ಗೆಳತಿಯರು ಪಕ್ಕದಲ್ಲಿರುತ್ತಾರೆ. ಕಿಟಕಿ ತೆರೆದಿಡುತ್ತಾರಾ, ಬೆಂಚಿಗೆ ಎಷ್ಟು ಮಕ್ಕಳು, ಇಷ್ಟನ್ನು ಕೇಳಿಕೊಂಡು ನಾನಂತೂ ಸಹಿ ಹಾಕಿದೆ.