ಬೌಂಟಿ ಹಡಗೋ, ಬೌಂಟಿಯ ದೋಣಿಯೋ? ಎರಡು ಮರದ ಕಿಟ್‌ಗಳ ಹೋಲಿಕೆ

ಮರದ ಹಡಗಿನ ಮಾಡೆಲ್ ಕಟ್ಟಬೇಕು ಅಂತ ಮನಸ್ಸು ಮಾಡಿದವರ ಕಣ್ಣು ಮೊದಲು ಹೋಗುವುದು ಮೂರು ಹಾಯಿಕಂಬದ ದೊಡ್ಡ ಹಡಗಿನ ಮೇಲೆ. ಪೆಟ್ಟಿಗೆಯ ಮೇಲಿನ ಚಿತ್ರ ಅಷ್ಟು ಚೆನ್ನಾಗಿರುತ್ತದೆ. ಅದರ ಪಕ್ಕದಲ್ಲೇ ಬರಿ ಒಂದು ದೋಣಿಯ ಕಿಟ್ ಇದ್ದರೆ ಅದನ್ನು ಕೈಗೆತ್ತಿಕೊಳ್ಳುವವರು ಕಡಿಮೆ. ನಾನು ಎರಡು ಬಗೆಯದನ್ನೂ ಕಟ್ಟಿ ಮುಗಿಸಿದ್ದೇನೆ. ಅದೂ ಒಂದೇ ಕಥೆಗೆ ಸೇರಿದ ಎರಡು: ಬೌಂಟಿ ಎಂಬ ಹಡಗು, ಮತ್ತು ಆ ಹಡಗಿನ ಮೇಲಿದ್ದ ದೊಡ್ಡ ದೋಣಿ. ಹಾಗಾಗಿ ಹೋಲಿಸುವುದು ಸುಲಭ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಬೌಂಟಿ 1784ರಲ್ಲಿ ಇಂಗ್ಲೆಂಡಿನ ಹಲ್ ಊರಿನಲ್ಲಿ ಕಲ್ಲಿದ್ದಲು ಸಾಗಿಸಲು ಕಟ್ಟಿದ ಹಡಗು. ಆಗ ಅದರ ಹೆಸರು ಬೆಥಿಯಾ. 1787ರಲ್ಲಿ ನೌಕಾಪಡೆ ಅದನ್ನು ಕೊಂಡು, ತಾಹಿಟಿಯಿಂದ ವೆಸ್ಟ್ ಇಂಡೀಸ್‌ಗೆ ದೀವಿಹಲಸಿನ ಗಿಡ ಸಾಗಿಸಲು ಕಳಿಸಿತು. 1789ರ ಏಪ್ರಿಲ್ 28ರಂದು ಟೋಂಗಾ ದ್ವೀಪಗಳ ಹತ್ತಿರ ಸಿಬ್ಬಂದಿ ದಂಗೆ ಎದ್ದರು. ಕ್ಯಾಪ್ಟನ್ ವಿಲಿಯಂ ಬ್ಲೈ ಮತ್ತು ಇನ್ನೂ 18 ಜನರನ್ನು ದೋಣಿಗೆ ಇಳಿಸಿ ಬಿಟ್ಟರು. ಆ ದೋಣಿಯ ಉದ್ದ 23 ಅಡಿ ಮಾತ್ರ. ಅದರಲ್ಲೇ ಅವರು 3,600 ನಾಟಿಕಲ್ ಮೈಲಿಗೂ ಜಾಸ್ತಿ ದೂರ ಸಾಗಿ ಟಿಮೋರ್ ತಲುಪಿದರು. ಹಡಗನ್ನು ದಂಗೆಕೋರರೇ 1790ರಲ್ಲಿ ಪಿಟ್‌ಕೈರ್ನ್ ದ್ವೀಪದ ಬಳಿ ಸುಟ್ಟುಹಾಕಿದರು.

ನಾನು ಕಟ್ಟಿದ ಹಡಗು 1:48 ಅಳತೆಯದು, ಅಂದರೆ ನಿಜವಾದದ್ದರ 48ರಲ್ಲಿ ಒಂದು ಪಾಲು; ಯುರೋಪಿನ ಕಿಟ್. ದೋಣಿ 1:16 ಅಳತೆಯದು, ಅಮೆರಿಕದ ಮಾಡೆಲ್ ಶಿಪ್‌ವೇಸ್ ಕಂಪನಿ ತರುವ ಕಿಟ್. ನಿಜವಾದ ಬೌಂಟಿ ಸುಮಾರು 91 ಅಡಿ ಇತ್ತು. ಅಂದರೆ ಮಾಡೆಲಿನಲ್ಲಿ ಒಡಲು 58 ಸೆಂ.ಮೀ. ದೋಣಿ 44 ಸೆಂ.ಮೀ. ಕಪಾಟಿನಲ್ಲಿ ಇಟ್ಟರೆ ಉದ್ದದಲ್ಲಿ ಅಂಥಾ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅಳತೆಯ ವ್ಯತ್ಯಾಸ ಕೆಲಸವನ್ನೇ ಬದಲಿಸಿಬಿಡುತ್ತದೆ. ಹಡಗಿನ ಮೇಲೆ ಒಬ್ಬ ನಾವಿಕನ ಗೊಂಬೆ ನಿಲ್ಲಿಸಿದರೆ ಅವನ ಎತ್ತರ ಮೂರೂವರೆ ಸೆಂ.ಮೀ. ದೋಣಿಯಲ್ಲಿ ಅದೇ ಮನುಷ್ಯ ಹನ್ನೊಂದು ಸೆಂ.ಮೀ. ಹತ್ತಿರ ಇರುತ್ತಾನೆ. ಅಷ್ಟು ದೊಡ್ಡ ಅಳತೆಯಲ್ಲಿ ಪ್ರತಿ ಹಲಗೆ, ಪ್ರತಿ ಮೊಳೆಯ ತಲೆ, ಪ್ರತಿ ಅಂಚು ಕಣ್ಣಿಗೆ ಬೀಳುತ್ತದೆ.

ಮುಖ್ಯ ವ್ಯತ್ಯಾಸ ಇರುವುದು ಒಡಲಿನಲ್ಲಿ. ಹಡಗಿನ ಕಿಟ್‌ನಲ್ಲಿ ನಡುವೆ ಪ್ಲೈವುಡ್ಡಿನ ಕೀಲ್, ಅಂದರೆ ತಳದ ಬೆನ್ನೆಲುಬು; ಅದಕ್ಕೆ ಅಡ್ಡಡ್ಡ ಸಿಕ್ಕಿಸಿದ ಬಲ್ಕ್‌ಹೆಡ್‌ಗಳು, ಅಂದರೆ ಒಡಲಿಗೆ ಆಕಾರ ಕೊಡುವ ಅಡ್ಡ ತುಂಡುಗಳು. ಅದರ ಮೇಲೆ ಎರಡು ಪದರ ಹಲಗೆ. ಮೊದಲ ಪದರ ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಲೈಮ್‌ವುಡ್. ಎರಡನೇ ಪದರ ಅರ್ಧ ಮಿಲಿಮೀಟರಿಗೆ ಹತ್ತಿರದ ವಾಲ್‌ನಟ್ ಪಟ್ಟಿ. ಮೊದಲ ಪದರದಲ್ಲಿ ಸಂದು ಉಳಿದರೆ ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಬಹುದು. ಉಬ್ಬಿದ ಕಡೆ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಬಹುದು. ಮೇಲೆ ಇನ್ನೊಂದು ಪದರ ಬರುತ್ತದೆ, ಎಲ್ಲ ಮುಚ್ಚಿಹೋಗುತ್ತದೆ. ಹೊಸಬರಿಗೆ ಈ ಪದ್ಧತಿ ಒಳ್ಳೆಯದು ಅಂತ ಹೇಳುವುದು ಇದಕ್ಕೇ. ಆ ಮಾತು ಸುಳ್ಳಲ್ಲ.

ದೋಣಿಯಲ್ಲಿ ಒಂದೇ ಪದರ. ಹೊರಗಿನಿಂದ ಕಾಣುವ ಹಲಗೆಯೇ ಒಳಗಿನಿಂದಲೂ ಕಾಣುತ್ತದೆ. ದೋಣಿಗೆ ಡೆಕ್ ಇಲ್ಲ ಅಲ್ವಾ, ಮುಚ್ಚಿಡಲು ಏನೂ ಇಲ್ಲ. ಹಾಗಾಗಿ ಪ್ರತಿ ಹಲಗೆಯನ್ನೂ ಮೊದಲೇ ಅಳೆದು, ತುದಿಗೆ ಸಣ್ಣ ಮಾಡಿ, ಬಾಗಿಸಿ, ಆಮೇಲೆ ಅಂಟಿಸಬೇಕು. ಹಲಗೆ ಕೂರಿಸುವ ಲೆಕ್ಕ ನನಗೆ ಸರಿಯಾಗಿ ಹಿಡಿತಕ್ಕೆ ಬಂದದ್ದು ಇಲ್ಲೇ. ಲೆಕ್ಕ ಹೀಗೆ. ಒಡಲಿನ ನಡುಭಾಗದಲ್ಲಿ ಮೇಲಿನಿಂದ ಕೀಲ್‌ವರೆಗೆ ಒಂದು ಕಾಗದದ ಪಟ್ಟಿ ಸುತ್ತಿ ಅಳೆಯಿರಿ. 90 ಮಿ.ಮೀ. ಬಂತು, ಒಂಬತ್ತು ಹಲಗೆ ಕೂರಬೇಕು ಅಂದರೆ ಒಂದೊಂದು 10 ಮಿ.ಮೀ. ಅದೇ ರೀತಿ ಮೂತಿಯ ಹತ್ತಿರ ಅಳೆದರೆ 54 ಬರಬಹುದು. ಅಲ್ಲೂ ಒಂಬತ್ತೇ ಹಲಗೆ, ಹಾಗಾಗಿ ಒಂದೊಂದು 6 ಮಿ.ಮೀ.ಗೆ ಇಳಿಯಬೇಕು. ಹಲಗೆಯ ತುದಿ ಅದರ ಪೂರ್ತಿ ಅಗಲದ ಅರ್ಧಕ್ಕಿಂತ ಸಣ್ಣ ಆಗಬಾರದು ಎಂಬುದು ಹಳೆಯ ನಿಯಮ. ಅದಕ್ಕಿಂತ ಸಣ್ಣ ಆದರೆ ತುದಿ ಚೂಪಾಗಿ, ಒಡೆದು, ನೋಡಲೂ ಚೆನ್ನಾಗಿರುವುದಿಲ್ಲ.

ಎರಡು ಪದರದ ಹಡಗಿನಲ್ಲೂ ಇದೇ ಲೆಕ್ಕ ಇದೆ. ಆದರೆ ಅದನ್ನು ಬಿಟ್ಟರೂ ಕೆಲಸ ನಡೆಯುತ್ತದೆ, ಆದ್ದರಿಂದ ಬಹಳ ಜನ ಬಿಡುತ್ತಾರೆ. ದೋಣಿಯಲ್ಲಿ ಬಿಟ್ಟರೆ ಕೆಲಸ ಮುಂದೆ ಹೋಗುವುದೇ ಇಲ್ಲ. ನನ್ನ ಮಟ್ಟಿಗೆ ಇದು ದೋಣಿಯ ದೊಡ್ಡ ಗುಣ.

ಬಾಗಿಸುವ ವಿಷಯ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹೇರ್ ಡ್ರೈಯರ್ ಬಿಸಿಗಾಳಿ ಕೊಡುತ್ತಾ ಕೈಯಲ್ಲೇ ಬಾಗಿಸಿದರೆ ದೋಣಿಯ ಕಿಟ್‌ನ ಬಾಸ್‌ವುಡ್ ಮರ ಹೇಳಿದ ಮಾತು ಕೇಳುತ್ತದೆ. ವಾಲ್‌ನಟ್ ಹಾಗಲ್ಲ, ಎಳೆ ಅಡ್ಡ ಇದ್ದ ಕಡೆ ಟಪ್ ಅಂತ ಮುರಿಯುತ್ತದೆ. ಬಾಗಿಸಿದ ಹಲಗೆಯನ್ನು ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಹಿಡಿದು ಪೂರ್ತಿ ಒಣಗಲು ಬಿಡಬೇಕು. ಒದ್ದೆ ಹಲಗೆ ಅಂಟಿಸಿದರೆ ಒಣಗುವಾಗ ಕುಗ್ಗಿ ಸಂದು ಬಿಡುತ್ತದೆ. ನಾನಿರುವುದು ಮಂಗಳೂರಿನಲ್ಲಿ. ಇಲ್ಲಿ ಜೂನ್ ಜುಲೈ ತಿಂಗಳಲ್ಲಿ ಒಣಗುವುದು ಎಂಬ ಮಾತಿಗೆ ಅರ್ಥವೇ ಕಡಿಮೆ. ಮಳೆಗಾಲದಲ್ಲಿ ಹಲಗೆ ಕೆಲಸ ಬಿಟ್ಟು ಬೇರೆ ಸಣ್ಣ ಭಾಗಗಳನ್ನು ಮಾಡಿಕೊಳ್ಳುವುದು ವಾಸಿ. ಇನ್ನೊಂದು ವಿಷಯ: ಎಡಕ್ಕೆ ಒಂದು ಹಲಗೆ ಹಾಕಿದರೆ ಬಲಕ್ಕೂ ಒಂದು ಹಾಕಬೇಕು. ಒಂದೇ ಕಡೆ ಹಾಕುತ್ತಾ ಹೋದರೆ ಎಳೆತಕ್ಕೆ ಇಡೀ ಒಡಲು ತಿರುಚಿಕೊಳ್ಳುತ್ತದೆ. ದೋಣಿಯ ಚೌಕಟ್ಟು ತೆಳು, ಅಲ್ಲಿ ಈ ಎಚ್ಚರ ಹಡಗಿಗಿಂತ ಜಾಸ್ತಿ ಬೇಕು.

ಎರಡೂ ಕಿಟ್‌ಗಳಲ್ಲಿ ಭಾಗಗಳನ್ನು ಲೇಸರ್‌ನಲ್ಲಿ ಕತ್ತರಿಸಿರುತ್ತಾರೆ. ಅಂಚು ಸುಟ್ಟು ಕಪ್ಪಾಗಿರುತ್ತದೆ. ಅಂಟಿಸುವ ಕಡೆ ಮತ್ತು ಕಾಣುವ ಕಡೆ ಆ ಕಪ್ಪನ್ನು ಉಜ್ಜಿ ತೆಗೆಯಬೇಕು. ಆದರೆ ಬಲ್ಕ್‌ಹೆಡ್‌ನ ಹೊರ ಅಂಚನ್ನು ಓರೆ ಮಾಡುವಾಗ ಅದೇ ಕಪ್ಪು ದಾರಿ ತೋರಿಸುತ್ತದೆ. ಒಂದು ಬದಿಯ ಗೆರೆಯಲ್ಲಿ ಕಪ್ಪು ಉಳಿಯುವ ಹಾಗೆ ಉಜ್ಜಿದರೆ ಆಕಾರ ಕೆಡುವುದಿಲ್ಲ.

ಇನ್ನು ಹಗ್ಗದ ಕೆಲಸ. ಇಲ್ಲಿ ಹಡಗಿಗೆ ಸಾಟಿ ಇಲ್ಲ. ದೋಣಿಯಲ್ಲಿ ದಾರದ ಕೆಲಸ ಬಹಳ ಕಡಿಮೆ. ಹುಟ್ಟು, ಚುಕ್ಕಾಣಿ, ಕೂರುವ ಅಡ್ಡಹಲಗೆ, ನೆಲದ ಹಲಗೆ, ಇವೇ ಅದರ ಸಿರಿ. ಹಡಗಿನಲ್ಲಾದರೋ ಒಡಲು ಮುಗಿದಾಗ ಅರ್ಧ ಕೆಲಸ ಮುಗಿಯಿತು ಅಂತ ಅನಿಸುತ್ತದೆ, ಆದರೆ ಅರ್ಧ ಇನ್ನೂ ದೂರ ಇರುತ್ತದೆ. ಕಂಬಗಳನ್ನು ಆಧರಿಸುವ ಹಗ್ಗಗಳು ಕಪ್ಪು, ಯಾಕೆಂದರೆ ನಿಜವಾದ ಹಡಗಿನಲ್ಲಿ ಅವಕ್ಕೆ ಡಾಂಬರಿನಂಥ ಟಾರ್ ಬಳಿಯುತ್ತಿದ್ದರು. ಹಾಯಿ ಎಳೆಯುವ, ಇಳಿಸುವ ಹಗ್ಗಗಳು ತಿಳಿ ಕಂದು. ಇಷ್ಟು ಗೊತ್ತಾದರೆ ನಕ್ಷೆ ಓದುವುದು ಸುಲಭ. ಕಂಬದ ಇಕ್ಕೆಲದ ಹಗ್ಗಗಳ ಮೇಲೆ ಏಣಿಯ ಹಾಗೆ ಅಡ್ಡ ದಾರ ಕಟ್ಟಬೇಕು. ಇದಕ್ಕೆ ರ‍್ಯಾಟ್‌ಲೈನ್ ಅನ್ನುತ್ತಾರೆ. ನಾವಿಕರು ಮೇಲೆ ಹತ್ತುತ್ತಿದ್ದದ್ದು ಇದರ ಮೇಲೆಯೇ. 1:48ರಲ್ಲಿ ಎರಡು ಮೆಟ್ಟಿಲ ನಡುವೆ ಏಳೆಂಟು ಮಿಲಿಮೀಟರ್ ಜಾಗ. ದಾರ ಹಗ್ಗವನ್ನು ದಾಟುವ ಕಡೆಯೆಲ್ಲ ಒಂದೊಂದು ಕ್ಲೋವ್ ಹಿಚ್ ಗಂಟು. ಅಂಥ ಗಂಟು ನೂರಾರು.

ಕೆಲವರಿಗೆ ಇದು ಬೇಸರ. ನನಗೆ ಹಡಗಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹಿಂದೆ ಒಂದು ಬಿಳಿ ಕಾಗದದ ಮೇಲೆ ಗೆರೆ ಎಳೆದು ಇಟ್ಟುಕೊಂಡರೆ ಸಾಲು ಸೊಟ್ಟಗಾಗುವುದಿಲ್ಲ. ಕಟ್ಟುವಾಗ ದಾರವನ್ನು ಜೋರಾಗಿ ಎಳೆಯಬಾರದು, ಎಳೆದರೆ ಇಕ್ಕೆಲದ ಹಗ್ಗ ಒಳಕ್ಕೆ ಜಗ್ಗಿಕೊಂಡು ಸೊಂಟ ಕಟ್ಟಿದ ಹಾಗೆ ಕಾಣುತ್ತದೆ. ದಾರವನ್ನು ಮೊದಲು ಜೇನುಮೇಣದ ಮೇಲೆ ಎಳೆದುಕೊಂಡರೆ ಜುಂಗು ಕೂರುತ್ತದೆ, ಗಂಟೂ ಹಿಡಿಯುತ್ತದೆ. ಕರಾವಳಿಯವರಿಗೆ ಒಂದು ಮಾತು: ಹತ್ತಿಯ ದಾರ ಹವೆಯ ತೇವಕ್ಕೆ ಬಿಗಿಯುತ್ತದೆ, ಒಣಹವೆಗೆ ಸಡಿಲುತ್ತದೆ. ಕಿಟ್‌ನ ಹತ್ತಿ ದಾರ ತೆಗೆದಿಟ್ಟು ಪಾಲಿಯೆಸ್ಟರ್ ದಾರ ಹಾಕಿದರೆ ಬೇಸಿಗೆಯಲ್ಲೂ ಮಳೆಯಲ್ಲೂ ಹೆಚ್ಚುಕಡಿಮೆ ಒಂದೇ ಬಿಗಿ ಇರುತ್ತದೆ.

ಮರದ ಗುಣದಲ್ಲಿ ಯಾವುದು ಮೇಲು? ಬಣ್ಣದಲ್ಲಿ ವಾಲ್‌ನಟ್ ಚೆಂದ. ಎಣ್ಣೆ ಹಚ್ಚಿದ ಕೂಡಲೇ ಹೊಳಪು ಬರುತ್ತದೆ. ಆದರೆ ಅದರ ಎಳೆ, ರಂಧ್ರ ಸ್ವಲ್ಪ ಒರಟು. 1:48ರಲ್ಲಿ ಅದು ದೊಡ್ಡ ದೊಡ್ಡ ಗೀರುಗಳ ಹಾಗೆ ಕಾಣುತ್ತದೆ. ಬಾಸ್‌ವುಡ್ ಎಳೆ ಕಾಣದಷ್ಟು ನಯ, ಅಳತೆಗೆ ಒಪ್ಪುತ್ತದೆ. ಆದರೆ ಬಹಳ ಮೃದು, ಉಗುರು ತಾಗಿದರೂ ಗುರುತು ಬೀಳುತ್ತದೆ, ಬಣ್ಣವೂ ಪೇಲವ. ದೋಣಿಗೆ ಹೇಗೂ ಬಣ್ಣ ಬಳಿಯುವುದರಿಂದ ಅದು ತೊಂದರೆ ಆಗಲಿಲ್ಲ.

ನಮ್ಮ ತೇಗ ಯಾಕಾಗಬಾರದು ಅಂತ ಕೇಳುತ್ತಾರೆ. ನಿಜವಾದ ಹಡಗಿಗೆ ತೇಗದಂಥ ಮರ ಇಲ್ಲ. 1817ರಲ್ಲಿ ಬಾಂಬೆಯಲ್ಲಿ ಮಲಬಾರ್ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಬ್ರಿಟಿಷ್ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ಆದರೆ ಮಾಡೆಲಿಗೆ ತೇಗದ ಎಳೆ ತೀರಾ ಒರಟು. ನಮ್ಮಲ್ಲಿ ಇದಕ್ಕೆ ಹೊಂದುವ ಮರ ಬೇರೆ ಇದೆ: ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರ. ದಂತದ ಬಣ್ಣ, ನಯವಾದ ಎಳೆ, ಚೂಪಾದ ಅಂಚು ನಿಲ್ಲುತ್ತದೆ. ದೋಣಿಯ ಹುಟ್ಟುಗಳನ್ನು ನಾನು ಹಾಲೆ ಮರದ ತುಂಡಿನಿಂದಲೇ ಮಾಡಿದೆ. ಕಿಟ್‌ನ ಬಾಸ್‌ವುಡ್ ಹುಟ್ಟಿಗಿಂತ ಅವು ಎಷ್ಟೋ ಪಾಲು ಚೆನ್ನಾಗಿ ಬಂದವು.

ಹಡಗಿನ ತಳಕ್ಕೆ ತಾಮ್ರದ ತಗಡು ಅಂಟಿಸುವ ಕೆಲಸ ಇನ್ನೊಂದು. ಮರ ಕೊರೆಯುವ ಹಡಗುಹುಳುವಿನಿಂದ ಉಳಿಸಲು ಆ ಕಾಲದಲ್ಲಿ ತಳಕ್ಕೆ ತಾಮ್ರ ಹೊದಿಸುತ್ತಿದ್ದರು. ಬೌಂಟಿಗೂ ಹೊದಿಸಿದ್ದರು. ಮಾಡೆಲಿನಲ್ಲಿ ಉಗುರಿಗಿಂತ ಸಣ್ಣ ತಗಡುಗಳನ್ನು ಸಾಲುಸಾಲಾಗಿ ಕೂರಿಸಬೇಕು. ಫೆವಿಕ್ವಿಕ್ ಬೆರಳಿಗೆ ತಾಗಿ ಆ ಬೆರಳು ತಾಮ್ರಕ್ಕೆ ತಾಗಿದರೆ ಗುರುತು ಹೋಗುವುದೇ ಕಷ್ಟ. ಮುಗಿದ ಮೇಲೆ ಚೆಂದ, ಮಾಡುವಾಗ ಕಲಿಯುವುದು ಏನೂ ಜಾಸ್ತಿ ಇಲ್ಲ.

ಸಲಕರಣೆಯಲ್ಲಿ ದೋಣಿಗೆ ಬೇಕಾದ್ದು ಕಡಿಮೆ: ಚೂಪಾದ ಚಾಕು, ಸಣ್ಣ ಅರ, ಮೂರು ದರ್ಜೆಯ ಉಪ್ಪುಕಾಗದ, ಕ್ಲಿಪ್ಪು, ಸ್ಟೀಲ್ ಅಳತೆಪಟ್ಟಿ. ಹಡಗಿಗೆ ಇದರ ಜೊತೆ ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್, ಚಿಮಟ, ಕಂಬ ಸಣ್ಣಗೆ ಮಾಡಲು ಒಂದು ಡ್ರಿಲ್ ಯಂತ್ರ. ಎರಡೂ ಕಿಟ್‌ಗಳು ಹೊರದೇಶದಿಂದ ಬರುವಂಥವು. ಸಾಗಣೆ ಖರ್ಚು, ಕಸ್ಟಮ್ಸ್ ಸೇರಿಸಿಯೇ ಲೆಕ್ಕ ಹಾಕಿ. ದೊಡ್ಡ ಪೆಟ್ಟಿಗೆಗೆ ಅದೂ ದೊಡ್ಡದು.

ಮೊದಲ ಕಿಟ್ ಯಾವುದು ಅಂತ ನನ್ನನ್ನು ಕೇಳಿದರೆ ಹಿಂದೆಮುಂದೆ ನೋಡದೆ ದೋಣಿ ಅನ್ನುತ್ತೇನೆ. ಅದು ಹಡಗಿಗಿಂತ ಸುಲಭ ಅಂತಲ್ಲ. ಹಲಗೆಯ ವಿಷಯದಲ್ಲಿ ಅದೇ ಕಷ್ಟ. ಆದರೆ ಆ ಕಷ್ಟ ಮರದ್ದು, ಆಕಾರದ್ದು. ಒಂದು ದೋಣಿ ಕಟ್ಟಿದ ಮೇಲೆ ಮಂಗಳೂರಿನ ಬಂದರಿನಲ್ಲಿ ನಿಂತ ಲಕ್ಷದ್ವೀಪದ ಮಂಜಿಗಳನ್ನು, ಅಂದರೆ ಸರಕು ಸಾಗಿಸುವ ಮರದ ಹಡಗುಗಳನ್ನು, ನೋಡಿದಾಗ ನನ್ನ ಕಣ್ಣು ಮೂತಿಯ ಹತ್ತಿರ ಹಲಗೆಗಳು ಹೇಗೆ ಸಣ್ಣಗಾಗಿವೆ ಎಂಬಲ್ಲಿಗೇ ಹೋಗುತ್ತದೆ. ಹಡಗಿನ ಕಿಟ್ ಇದನ್ನು ಕೊಡಲಿಲ್ಲ. ದಾರ, ಗಂಟು, ಕಂಬ ಇವುಗಳ ಮೇಲೇ ಪ್ರೀತಿ ಇರುವವರು, ವರ್ಷಗಟ್ಟಲೆ ಒಂದೇ ಮೇಜಿನ ಮುಂದೆ ಕೂರುವ ತಾಳ್ಮೆ ಇರುವವರು ನೇರ ಹಡಗಿಗೇ ಹೋಗಬಹುದು. ಅವರಿಗೆ ದೋಣಿ ಬೇಗ ಮುಗಿದುಹೋಗಿ ಸಪ್ಪೆ ಅನಿಸೀತು. 44 ಸೆಂ.ಮೀ. ದೋಣಿಯೂ ಜಾಸ್ತಿ ಅನಿಸಿದರೆ ಅದೇ ಮಾಡೆಲ್ ಶಿಪ್‌ವೇಸ್‌ನ ಲೊವೆಲ್ ಡೋರಿ ಇದೆ, 1:24 ಅಳತೆ. ಕಾಡ್ ಮೀನು ಹಿಡಿಯಲು ಹೋಗುತ್ತಿದ್ದ ಚಪ್ಪಟೆ ತಳದ ದೋಣಿ. ಹಲಗೆ ಒಂದರ ಮೇಲೊಂದು ಹಾಸಿ ಬರುತ್ತದೆ, ಎಣಿಕೆಯೂ ಕಡಿಮೆ.

ಎರಡನ್ನೂ ಕಟ್ಟುವ ಯೋಚನೆ ಇದ್ದವರಿಗೆ ಒಂದು ಉಪಾಯ. ಹಡಗಿನ ಡೆಕ್ ಮೇಲೆ ಇಡಬೇಕಾದ ದೋಣಿಯನ್ನು ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸರಳ ಮಾಡಿಬಿಟ್ಟಿರುತ್ತಾರೆ. 1:16ರ ದೋಣಿಯ ನಕ್ಷೆ ಕೈಯಲ್ಲಿದ್ದರೆ ಪ್ರತಿ ಅಳತೆಯನ್ನೂ ಮೂರರಿಂದ ಭಾಗಿಸಿ, ಸರಿಯಾಗಿ 1:48 ಬರುತ್ತದೆ. ಹದಿನಾಲ್ಕೂವರೆ ಸೆಂ.ಮೀ. ಉದ್ದದ ಆ ಸಣ್ಣ ದೋಣಿಗೆ ಅರ್ಧ ಮಿಲಿಮೀಟರ್ ದಪ್ಪದ ಪಟ್ಟಿ ಸಾಕು. ಒಂದು ಮೃದು ಮರದ ತುಂಡನ್ನು ದೋಣಿಯ ಆಕಾರಕ್ಕೆ ಕೆತ್ತಿ, ಮೇಣ ಸವರಿ, ಅದರ ಮೇಲೆ ಪಟ್ಟಿಗಳನ್ನು ಕೂರಿಸಿ. ಒಣಗಿದ ಮೇಲೆ ಚಿಪ್ಪು ಹಾಗೇ ಬಿಟ್ಟುಬರುತ್ತದೆ. ಒಳಗೆ ಅಡ್ಡಹಲಗೆಗಳನ್ನು ಸೇರಿಸಿ ಡೆಕ್ ಮೇಲೆ ಕಟ್ಟಿ.