ಮ್ಯಾಟ್‌ಲ್ಯಾಬ್ ಮತ್ತು ವಿವಾಡೊ ಜೋಡಿ: ಹಲವು ವರ್ಷಗಳ ಬಳಕೆಯ ನಂತರ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಸಣ್ಣ ಘಟಕದಲ್ಲಿ ಗದಗ ಸೀಮೆಯ ಗಾಳಿಯಂತ್ರಗಳ ಗೇರ್‌ಬಾಕ್ಸ್ ಕಂಪನವನ್ನು ಅಳೆಯುವ ಉಪಕರಣ ತಯಾರಿಸುತ್ತೇವೆ. ಬೇಡದ ಸಂಕೇತವನ್ನು ಸೋಸುವ ಅದರ ಫಿಲ್ಟರ್‌ಗಳನ್ನು ಗಣಿತ ಲೆಕ್ಕದ ತಂತ್ರಾಂಶವಾದ ಮ್ಯಾಟ್‌ಲ್ಯಾಬ್ ಹಾಗೂ ಅದರ ಚಿತ್ರರೂಪದ ಜೊತೆಗಾರ ಸಿಮ್ಯುಲಿಂಕ್‌ನಲ್ಲಿ ರೂಪಿಸಿ, ಎಚ್‌ಡಿಎಲ್ ಕೋಡರ್ ಎಂಬ ಅದರ ಅಂಗದ ಮೂಲಕ ವೆರಿಲಾಗ್ (ಹಾರ್ಡ್‌ವೇರನ್ನು ವರ್ಣಿಸುವ ಭಾಷೆ) ಕೋಡ್ ಪಡೆದು, ವಿವಾಡೊ ತಂತ್ರಾಂಶದಲ್ಲಿ ಸಿಂಥೆಸಿಸ್ ಮಾಡಿ (ಕೋಡನ್ನು ಸರ್ಕ್ಯೂಟಾಗಿ ಪರಿವರ್ತಿಸಿ) ಆರ್ಟಿಕ್ಸ್-7 ಎಫ್‌ಪಿಜಿಎಗೆ, ಅಂದರೆ ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ರೂಪಿಸಬಹುದಾದ ಚಿಪ್‌ಗೆ, ಇಳಿಸುವ ಕ್ರಮವನ್ನು ಹಲವು ವರ್ಷಗಳಿಂದ ಪಾಲಿಸುತ್ತಿದ್ದೇವೆ. ಕೋಡ್ ತಾನಾಗಿ ಸಿದ್ಧವಾಗುತ್ತದೆ ಎಂಬುದು ಈ ಜೋಡಿಯ ಬಗ್ಗೆ ಮೊದಲು ಕೇಳಿಬರುವ ಹೊಗಳಿಕೆ. ಆದರೆ ಇದಕ್ಕೆ ಕೊಟ್ಟ ಹಣ ಸಾರ್ಥಕವಾಗುವುದು ಗಣಿತವನ್ನು ಫಿಕ್ಸೆಡ್ ಪಾಯಿಂಟ್‌ಗೆ (ಬಿಟ್‌ಗಳ ಸಂಖ್ಯೆಯೂ ಬಿಂದುವಿನ ಸ್ಥಾನವೂ ನಿಗದಿಯಾದ ಅಂಕಿಗಳಿಗೆ) ತರುವ ಹಂತದಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ.

ಆರ್ಟಿಕ್ಸ್-7 ಚಿಪ್‌ನ ಪ್ರತಿ ಡಿಎಸ್‌ಪಿ ಸ್ಲೈಸ್‌ನಲ್ಲಿ, ಅಂದರೆ ಇಂಥ ಲೆಕ್ಕಕ್ಕೆಂದೇ ಇರುವ ಘಟಕದಲ್ಲಿ, 25×18 ಬಿಟ್‌ನ ಒಂದು ಗುಣಕವೂ (ಗುಣಿಸುವ ಸರ್ಕ್ಯೂಟ್) ಮೊತ್ತವನ್ನು ಕೂಡಿಡುವ 48 ಬಿಟ್‌ನ ಸಂಚಯಕವೂ ಇವೆ. 16 ಬಿಟ್ ದತ್ತಾಂಶವನ್ನು ಫಿಲ್ಟರಿನ 18 ಬಿಟ್ ಗುಣಾಂಕದಿಂದ ಗುಣಿಸಿದರೆ 34 ಬಿಟ್ ಬರುತ್ತದೆ. ಅಂಥ 128 ಗುಣಲಬ್ಧಗಳನ್ನು ಕೂಡಿದರೆ ಇನ್ನೂ 7 ಬಿಟ್ ಬೆಳೆದು 41 ಆಗುತ್ತದೆ, ಅಂದರೆ ಸಂಚಯಕದಲ್ಲಿ ನಿರಾತಂಕವಾಗಿ ಹಿಡಿಯುತ್ತದೆ. ಕೊನೆಯಲ್ಲಿ ಎಷ್ಟು ಬಿಟ್ ಕತ್ತರಿಸಬೇಕು, ಕತ್ತರಿಸಿದಾಗ ಬೇರಿಂಗ್ ದೋಷದ ಕ್ಷೀಣ ಸಂಕೇತ ಗದ್ದಲದಲ್ಲಿ ಮುಳುಗಿಹೋಗುತ್ತದೆಯೇ ಎಂಬುದನ್ನು ಚಿಪ್ ಮುಟ್ಟುವ ಮೊದಲೇ, ಕ್ಷೇತ್ರದಿಂದ ತಂದ ನಿಜವಾದ ದತ್ತಾಂಶದ ಮೇಲೆ, ಫ್ಲೋಟಿಂಗ್ ಪಾಯಿಂಟ್ (ಬಿಂದುವಿನ ಸ್ಥಾನ ಬದಲಾಗಬಲ್ಲ ಅಂಕಿಗಳ) ಫಲಿತಾಂಶದ ಪಕ್ಕದಲ್ಲಿಟ್ಟು ನೋಡಬಹುದು. ಕೈಯಿಂದ ಬರೆದ ವೆರಿಲಾಗ್‌ನಲ್ಲಿ ಇದೇ ಪರೀಕ್ಷೆಗೆ ಬೇಕಾಗುವ ಶ್ರಮವನ್ನು ಬಲ್ಲವರಿಗೆ ಈ ಅನುಕೂಲದ ತೂಕ ತಿಳಿಯುತ್ತದೆ.

ಆದರೆ ಹಾರ್ಡ್‌ವೇರ್‌ನ ವಿವೇಚನೆಯನ್ನು ಉಪಕರಣಕ್ಕೆ ಒಪ್ಪಿಸಿಬಿಡಲಾಗದು. ಆರ್ಟಿಕ್ಸ್-7 ಕುಟುಂಬದ 35ಟಿ ಚಿಪ್‌ನಲ್ಲಿ ಇರುವುದು 90 ಡಿಎಸ್‌ಪಿ ಸ್ಲೈಸ್ ಮಾತ್ರ. 128 ಗುಣಾಂಕಗಳ ಫಿಲ್ಟರನ್ನು ಪೂರ್ತಿ ಸಮಾಂತರವಾಗಿ ಚಿತ್ರಿಸಿದರೆ, ಗುಣಾಂಕಗಳ ಸಮಮಿತಿಯನ್ನು (ಮೊದಲರ್ಧ ಕೊನೆಯರ್ಧದ ಪ್ರತಿಬಿಂಬವಾಗಿರುವುದನ್ನು) ಬಳಸಿಕೊಂಡರೂ 64 ಗುಣಕಗಳು ಬೇಕು. ಸೆಕೆಂಡಿಗೆ 50 ಸಾವಿರ ಮಾದರಿಗಳು ಬರುವಲ್ಲಿ 100 ಮೆಗಾಹರ್ಟ್ಸ್ ಗಡಿಯಾರವಿದ್ದರೆ ಪ್ರತಿ ಮಾದರಿಗೂ 2,000 ಆವರ್ತ ಸಿಗುತ್ತವೆ. ಹಾಗಿರುವಾಗ ಒಂದೇ ಗುಣಕ ಸರದಿಯಂತೆ ಇಡೀ ಕೆಲಸವನ್ನು ಮುಗಿಸಬಲ್ಲದು. ಸರಣಿ ರಚನೆಯ ಆಯ್ಕೆ ಉಪಕರಣದಲ್ಲಿ ಇದೆ, ಆದರೆ ಅದನ್ನು ಆರಿಸಬೇಕಾದವರು ನಾವು.

ಎಫ್‌ಪಿಜಿಎ-ಇನ್-ದಿ-ಲೂಪ್ ಸೌಲಭ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ: ಸಿಮ್ಯುಲಿಂಕ್‌ನ ಮಾದರಿಯನ್ನೂ ಬೋರ್ಡಿನಲ್ಲಿ ಓಡುವ ವಿನ್ಯಾಸವನ್ನೂ ಒಂದೇ ಇನ್‌ಪುಟ್ ಕೊಟ್ಟು ಬಿಟ್‌ಗೆ ಬಿಟ್ ಹೋಲಿಸಬಹುದು. ಅಲ್ಲಿ ದತ್ತಾಂಶ ಕಂಪ್ಯೂಟರಿನಿಂದ ಈಥರ್‌ನೆಟ್ ಅಥವಾ ಜೆಟ್ಯಾಗ್ (ಚಿಪ್ ಪರೀಕ್ಷೆಯ ಸಂಪರ್ಕ) ಮೂಲಕ ಬರುವುದರಿಂದ ಸಂವೇದಕದ ಸಂಕೇತವನ್ನು ಅಂಕಿಗಳಾಗಿಸುವ ಎಡಿಸಿಯ ಜೊತೆಗಿನ ನಿಜಕಾಲದ ತೊಡಕುಗಳು ಮಾತ್ರ ಕಾಣಿಸುವುದಿಲ್ಲ. ಅದಕ್ಕೆ ಡಿಜಿಟಲ್ ಸಂಕೇತಗಳನ್ನು ದಾಖಲಿಸಿ ತೋರಿಸುವ ಲಾಜಿಕ್ ಅನಲೈಸರ್ ಬೇಕೇ ಬೇಕು.

ಮ್ಯಾಟ್‌ಲ್ಯಾಬ್‌ನ ಪ್ರತಿ ಬಿಡುಗಡೆಗೂ ಹೊಂದುವ ವಿವಾಡೊ ಆವೃತ್ತಿ ಗೊತ್ತುಪಡಿಸಿರುತ್ತದೆ. ಒಂದನ್ನು ನವೀಕರಿಸುವ ಮುನ್ನ ಇನ್ನೊಂದನ್ನು ನೋಡಿಕೊಳ್ಳಿ. ಪರವಾನಗಿಯ ವೆಚ್ಚ ಸಣ್ಣ ಘಟಕಕ್ಕೆ ಭಾರವೇ. ಧಾರವಾಡ, ಹಾವೇರಿಗಳಲ್ಲಿ ಸ್ವಂತ ಖರ್ಚಿನಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಗಳು ಮ್ಯಾಟ್‌ಲ್ಯಾಬ್‌ನಂಥದೇ ತಂತ್ರಾಂಶವಾದ ಆಕ್ಟೇವ್‌ನಲ್ಲಿ ಗುಣಾಂಕ ಲೆಕ್ಕ ಹಾಕಿ, ವೆರಿಲಾಗ್ ಕೈಯಿಂದ ಬರೆದು, ವೆರಿಲೇಟರ್ (ವೆರಿಲಾಗ್ ಸಿಮ್ಯುಲೇಟರ್) ಮತ್ತು ಕೊಕೊಟಿಬಿಯಿಂದ (ಪೈಥಾನ್‌ನಲ್ಲಿ ಪರೀಕ್ಷೆ ಬರೆಯುವ ಸಾಧನ) ಪರೀಕ್ಷಿಸಲಿ. ಈ ಮೂರೂ ಉಚಿತ, 35ಟಿ ಚಿಪ್‌ಗೆ ವಿವಾಡೊದ ಉಚಿತ ಆವೃತ್ತಿಯೇ ಸಾಕು.