ನಮ್ಮ ವೋಲ್ಟ್‌ನಲ್ಲಿ ಪೆಟ್ರೋಲು ಬರೀ ರಿಸರ್ವಿಗೆ

ಕಾರು 2017ರ ಶೆವ್ರೊಲೆ ವೋಲ್ಟ್. ಸೆಕೆಂಡ್ ಹ್ಯಾಂಡ್. 2021ರ ಜೂನ್‌ನಲ್ಲಿ ತಗೊಂಡಾಗ 41 ಸಾವಿರ ಮೈಲಿ ಓಡಿತ್ತು, ಈಗ 84 ಸಾವಿರ ದಾಟಿದೆ. ಇರೋದು ಮಿಶಿಗನ್‌ನ ಕ್ಯಾಂಟನ್‌ನಲ್ಲಿ, ನನ್ನ ಕೆಲಸ ಆ್ಯನ್ ಆರ್ಬರ್‌ನ ಒಂದು ಲ್ಯಾಬಿನಲ್ಲಿ. ಹೋಗಿ ಬಂದರೆ ದಿನಕ್ಕೆ 36 ಮೈಲಿ. ಈ 36 ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇದು ಪ್ಲಗ್-ಇನ್ ಹೈಬ್ರಿಡ್. ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡಬೇಕು. 18.4 ಕಿಲೋವ್ಯಾಟ್ ಅವರ್ ಬ್ಯಾಟರಿ, ಸರ್ಕಾರಿ ಲೆಕ್ಕದಲ್ಲಿ 53 ಮೈಲಿ. ಅದು ಮುಗಿದ ಮೇಲೆ 1.5 ಲೀಟರಿನ ಪೆಟ್ರೋಲ್ ಇಂಜಿನ್ ಎದ್ದು ಕೂರುತ್ತೆ. ಟ್ಯಾಂಕ್ 8.9 ಗ್ಯಾಲನ್. ಎರಡೂ ತುಂಬಿದ್ದರೆ ಒಟ್ಟು 420 ಮೈಲಿ. ತಯಾರಾಗಿದ್ದು ನಮ್ಮನೆಯಿಂದ ಅಷ್ಟೇನೂ ದೂರವಿಲ್ಲದ ಡೆಟ್ರಾಯಿಟ್-ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ. 2019ರಲ್ಲಿ ನಿಲ್ಲಿಸಿಬಿಟ್ಟರು. ಹಾಗಾಗಿ ಇದು ಹೊಸ ಕಾರಿನ ವಿಮರ್ಶೆ ಅಲ್ಲ. ಹಳೇ ವೋಲ್ಟ್ ಕಣ್ಣಿಗೆ ಬಿದ್ದು ತಗೊಳ್ಳಲಾ ಬೇಡವಾ ಅಂತ ಯೋಚಿಸ್ತಿರೋರಿಗೆ, ಅಥವಾ ಯಾವುದೇ ಪ್ಲಗ್-ಇನ್ ಜೊತೆ ಸಂಸಾರ ಹೇಗಿರುತ್ತೆ ಅಂತ ಕುತೂಹಲ ಇರೋರಿಗೆ ಬರೀತಿದ್ದೀನಿ.

ನಮ್ಮಪ್ಪನಿಗೆ ಇದನ್ನ ಅರ್ಥ ಮಾಡಿಸೋಕೆ ನನಗೆ ಒಂದೇ ನಿಮಿಷ ಸಾಕಾಯ್ತು. ಹಾಸನದಲ್ಲಿ ಅವರ ಹತ್ರ ಬಜಾಜ್ ಚೇತಕ್ ಇತ್ತು. ದಾರಿ ಮಧ್ಯೆ ಗಾಡಿ ಮುಕ್ಕರಿಸಿದರೆ ಬಗ್ಗಿ ಕೈ ಹಾಕಿ ಆ ನಾಬ್ ತಿರುಗಿಸಿ ರಿಸರ್ವಿಗೆ ಹಾಕೋರು. "ಅಪ್ಪ, ಇದರಲ್ಲಿ ಕರೆಂಟೇ ಮೇನು, ಪೆಟ್ರೋಲು ರಿಸರ್ವು. ತಾನಾಗೇ ತಿರುಗಿಕೊಳ್ಳುತ್ತೆ" ಅಂದೆ. "ಸರಿ ಬಿಡು, ಮುಂದೆ ಹೇಳು" ಅಂದರು.

ಮೊದಲ ವರ್ಷ ಕಾರಿನ ಜೊತೆ ಬಂದಿದ್ದ ಕೇಬಲ್ಲನ್ನೇ ಗ್ಯಾರೇಜಿನ ಮಾಮೂಲಿ 120 ವೋಲ್ಟ್ ಪ್ಲಗ್ಗಿಗೆ ಹಾಕ್ತಿದ್ದೆ. ಈ ಕಾರು ತಾನಾಗಿ 8 ಆಂಪ್ ಮಾತ್ರ ಎಳ್ಕೊಳ್ಳುತ್ತೆ, 12 ಬೇಕು ಅಂದರೆ ನಾವು ಸ್ಕ್ರೀನಲ್ಲಿ ಹೇಳಬೇಕು. 12ರಲ್ಲಿ ಪೂರ್ತಿ ತುಂಬೋಕೆ ಸುಮಾರು 13 ಗಂಟೆ. ಸಂಜೆ ಆರಕ್ಕೆ ಹಾಕಿದರೆ ಬೆಳಿಗ್ಗೆ ಏಳಕ್ಕೆ ರೆಡಿ, ಲೆಕ್ಕ ಅಚ್ಚುಕಟ್ಟಾಗಿ ಕೂತಿತ್ತು. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಪಿನ್ ಕೀಳೋಕೆ ಹೋದರೆ ಕೈ ಸುರ್ ಅಂತು. ಸಾಕೆಟ್ಟಿನ ಬಾಯಿ ಸುತ್ತ ಬಿಳಿ ಪ್ಲಾಸ್ಟಿಕ್ಕು ಟೀ ಕಲೆ ಥರ ಕಂದು ತಿರುಗಿತ್ತು. ಮನೆ ಕಟ್ಟಿದ ಕಾಲದ ಅಗ್ಗದ ಸಾಕೆಟ್ ಅದು, ಒಳಗೆ ವೈರು ಸಡಿಲ. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಹಾಕೋದು ಬೇರೆ, ರಾತ್ರಿಯಿಡೀ 12 ಆಂಪ್ ಹರಿಸೋದು ಬೇರೆ. ಕಾರು ಹುಟ್ಟಾ 8ಕ್ಕೇ ಯಾಕೆ ನಿಂತಿರುತ್ತೆ ಅಂತ ಅವತ್ತು ಗೊತ್ತಾಯ್ತು. ಆ ವಾರವೇ ಎಲೆಕ್ಟ್ರಿಷಿಯನ್ ಕರೆಸಿ 240 ವೋಲ್ಟ್ ಲೈನ್ ಎಳೆಸಿದೆ. ಚಾರ್ಜರ್ ಬಿಟ್ಟು ಕೂಲಿ, ಸಾಮಾನು ಸೇರಿ 650 ಡಾಲರ್. ಈಗ ನಾಲ್ಕೂವರೆ ಗಂಟೆಯಲ್ಲಿ ತುಂಬುತ್ತೆ. ನಮ್ಮ ಕಡೆ ವಾರದ ದಿನಗಳಲ್ಲಿ ಮಧ್ಯಾಹ್ನ 3ರಿಂದ 7ರವರೆಗೆ ಕರೆಂಟ್ ದರ ಜಾಸ್ತಿ, ಹಾಗಾಗಿ ಊಟ ಮುಗಿಸಿ ಪಾತ್ರೆ ತೊಳೆಯೋಕೆ ಹಾಕುವಾಗ ಕಾರಿಗೂ ಹಾಕ್ತೀನಿ. ಕಾರು ತಗೊಳ್ಳೋರಿಗೆ ನನ್ನ ಮೊದಲ ಮಾತು ಇದೇ: ಕಾರು ನೋಡೋಕೆ ಮುಂಚೆ ನಿಮ್ಮ ಗ್ಯಾರೇಜಿನ ಸಾಕೆಟ್ ನೋಡಿ.

ಈಗ ಆ 36ರ ವಿಷಯ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನನಗೆ 55, ಒಂದೊಂದು ದಿನ 60 ಮೈಲಿ ಬರುತ್ತೆ. ಆಫೀಸಿಗೆ ಹೋಗಿ, ಬರ್ತಾ ತರಕಾರಿ ತಗೊಂಡು, ಮಗಳನ್ನ ಡ್ಯಾನ್ಸ್ ಕ್ಲಾಸಿಗೆ ಬಿಟ್ಟರೂ ಇಂಜಿನ್ ಉಸಿರೆತ್ತಲ್ಲ. ಬೇಸಿಗೆಯಲ್ಲಿ ಒಮ್ಮೆ ಪೆಟ್ರೋಲ್ ಹಾಕಿಸಿದರೆ ನವರಾತ್ರಿವರೆಗೂ ಬಂಕಿನ ಮುಖ ನೋಡಿಲ್ಲ. ಜನವರಿಯಲ್ಲಿ ಅದೇ ಬ್ಯಾಟರಿ 32 ಮೈಲಿ ಕೊಡುತ್ತೆ. ಬ್ಯಾಟರಿ ಮರಗಟ್ಟುತ್ತೆ, ಹೀಟರ್ ಬೇರೆ ಅದರಿಂದಲೇ ಕುಡಿಯುತ್ತೆ. ಅಂದರೆ ಮನೆ ಇನ್ನು ನಾಲ್ಕು ಮೈಲಿ ಇದೆ ಅನ್ನುವಾಗ, ಎಂ-14 ಹೆದ್ದಾರಿಯಲ್ಲಿ, ಬೆಕ್ ರಸ್ತೆ ಎಕ್ಸಿಟ್ ಆಸುಪಾಸಿನಲ್ಲಿ ಇಂಜಿನ್ ಗುರ್ ಅನ್ನುತ್ತೆ.

ಆ ಗುರ್ ಅನ್ನೋದು ನನಗೆ ಸೋಲು ಅನ್ನಿಸ್ತಿತ್ತು. ನಗಬೇಡಿ. ಈ ಕಾರು ಸ್ಕ್ರೀನಿನಲ್ಲಿ ಇವತ್ತು ಕರೆಂಟಲ್ಲಿ ಎಷ್ಟು, ಪೆಟ್ರೋಲಲ್ಲಿ ಎಷ್ಟು ಅಂತ ಅಂಕಪಟ್ಟಿ ಕೊಡುತ್ತೆ, ನಾನೋ ಪರೀಕ್ಷೆಗೆ ಓದಿ ಬೆಳೆದವಳು. ನಾಲ್ಕು ಮೈಲಿ ಗೆಲ್ಲೋಕೆ ಹೀಟರ್ ಆಫ್ ಮಾಡಿದೆ. ಸೀಟೂ ಸ್ಟೀರಿಂಗೂ ಬಿಸಿಯಾಗ್ತವಲ್ಲ, ಅವಕ್ಕೆ ಕರೆಂಟ್ ಕಮ್ಮಿ ಅಂತ ಸಮಾಧಾನ. ಮೇಲೆ ಜಾಕೆಟ್, ಒಳಗೆ ಸ್ವೆಟರ್, ತಲೆಗೆ ಟೋಪಿ, ಗಾಜು ಮಂಜು ಹಿಡಿದರೆ ಕೈವಸ್ತ್ರದಲ್ಲಿ ಒರೆಸೋದು. ಊಟಿ ಬಸ್ಸಿನ ಡ್ರೈವರ್ ಥರ ಇದ್ದೆ. ನಮ್ಮನೆಯವರು ಒಂದು ದಿನ ಬಾಗಿಲಲ್ಲೇ ನಿಂತು, "ಹತ್ತು ರೂಪಾಯಿ ಪೆಟ್ರೋಲ್ ಉಳಿಸಿ ನೂರು ರೂಪಾಯಿ ನೆಗಡಿ ಮಾತ್ರೆ ನುಂಗ್ತೀಯಲ್ಲೇ" ಅಂದರು.

ಅವರ ಬಾಯಿ ಮುಚ್ಚಿಸೋಕೆ ಲೆಕ್ಕ ಹಾಕಲು ಕೂತೆ. ಪೂರ್ತಿ ಚಾರ್ಜಿಗೆ ಗೋಡೆಯಿಂದ ಎಳೆಯೋದು ಸುಮಾರು 16.5 ಯೂನಿಟ್, ನಮ್ಮ ಬಿಲ್ಲಿನಲ್ಲಿ ಯೂನಿಟ್ಟಿಗೆ 18 ಸೆಂಟ್ ಹತ್ತಿರ. ಅಂದರೆ ಮೂರು ಡಾಲರ್. ಬೇಸಿಗೆಯಲ್ಲಿ ಮೂರು ಡಾಲರಿಗೆ 55 ಮೈಲಿ, ಭರ್ಜರಿ. ಜನವರಿಯಲ್ಲಿ ಅದೇ ಮೂರು ಡಾಲರಿಗೆ 32. ಚಳಿಯಲ್ಲಿ ಇಂಜಿನ್ ಗ್ಯಾಲನ್ನಿಗೆ 36 ಮೈಲಿ ಕೊಡ್ತಿತ್ತು, ಆಗ ಗ್ಯಾಲನ್ನಿಗೆ 3 ಡಾಲರ್ 20 ಸೆಂಟ್. 32 ಮೈಲಿಗೆ 2 ಡಾಲರ್ 85 ಸೆಂಟ್. ಪೆಟ್ರೋಲೇ ಅಗ್ಗ! ಎರಡು ಚಳಿಗಾಲ ನಾನು ಗಡಗಡ ನಡುಗಿದ್ದು ಹೆಚ್ಚು ದುಡ್ಡು ಕೊಟ್ಟು. ಕಾಗದ ಮಡಚಿ ಕಸದ ಬುಟ್ಟಿಗೆ ಹಾಕಿದೆ, ನಮ್ಮನೆಯವರಿಗೆ ತೋರಿಸಲಿಲ್ಲ. ಮಾರನೇ ದಿನದಿಂದ ಹೀಟರ್ 72 ಡಿಗ್ರಿ ಫ್ಯಾರನ್‌ಹೀಟ್‌ಗೆ.

ಇನ್ನೊಂದು, ಹೊರಗೆ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ತುಂಬಿದ್ದರೂ ಕಾರು ಒಳಗೆ ಬಿಸಿ ಮಾಡೋಕೆ ಇಂಜಿನ್ನನ್ನೇ ಎಬ್ಬಿಸುತ್ತೆ. ಹೊಸಬರು ಇದನ್ನ ರಿಪೇರಿ ಅಂದುಕೊಂಡು ಹೆದರ್ತಾರೆ. ರಿಪೇರಿ ಅಲ್ಲ, ಅದು ಹಾಗೇ. ಚಳಿ ಬೆಳಿಗ್ಗೆ ಹೊರಡೋಕೆ ಹತ್ತು ನಿಮಿಷ ಮುಂಚೆ, ಕೇಬಲ್ ಸಿಕ್ಕಿಸಿರುವಾಗಲೇ ಕೀಯಿಂದ ರಿಮೋಟ್ ಸ್ಟಾರ್ಟ್ ಒತ್ತಿ. ಒಳಗೆ ಬೆಚ್ಚಗಾಗೋ ಕರೆಂಟಿನಲ್ಲಿ ಬಹುಪಾಲು ಗೋಡೆಯಿಂದ ಬರುತ್ತೆ.

ಅಪ್ಪ-ಅಮ್ಮ ಬಂದಿದ್ದ ಬೇಸಿಗೆಯಲ್ಲಿ ನಡೆದದ್ದು. ಆರು ವಾರ ಇಂಜಿನ್ ಒಮ್ಮೆಯೂ ಓಡಿರಲಿಲ್ಲ. ಒಂದು ಭಾನುವಾರ ಕಾರು ತಾನೇ ಸ್ಕ್ರೀನಿನಲ್ಲಿ ಕೇಳಿತು, ಇಂಜಿನ್ ಸ್ವಲ್ಪ ಓಡಿಸಬೇಕು, ಈಗ ಮಾಡಲಾ ಅಂತ. ಹೂಂ ಅಂತ ಒತ್ತಿದೆ. ಡ್ರೈವ್‌ವೇನಲ್ಲಿ ನಿಂತ ಕಾರು ಹತ್ತು ನಿಮಿಷ ತನ್ನಷ್ಟಕ್ಕೆ ತಾನು ಗುನುಗಿತು. ಅಪ್ಪ ಕಾಫಿ ಲೋಟ ಹಿಡಿದು ಬಂದು ಬಾನೆಟ್ ಮೇಲೆ ಕೈಯಿಟ್ಟು ನೋಡಿದರು. ಅವರು ಮೈಸೂರಿಗೆ ಹೋದಾಗ ಚೇತಕ್ಕನ್ನ ಮೂರು ದಿನಕ್ಕೊಮ್ಮೆ ಕಿಕ್ ಹೊಡೆದು ನಿಲ್ಲಿಸೋ ಕೆಲಸ ನನ್ನದಾಗಿತ್ತು, ಹತ್ತು ಸಲಕ್ಕೆ ಎಂಟು ಸಲ ಮರೀತಿದ್ದೆ. "ಪರವಾಗಿಲ್ಲ, ನಿನ್ನನ್ನ ನಂಬಿ ಕೂತಿಲ್ಲ ಇದು" ಅಂದರು. ಟ್ಯಾಂಕಿನ ಪೆಟ್ರೋಲ್ ವರ್ಷ ಹಳತಾದರೂ ಇದೇ ಕಥೆ, ಇಂಜಿನ್ ಓಡಿಸಿ ತಾನೇ ಖರ್ಚು ಮಾಡಿಕೊಳ್ಳುತ್ತೆ.

ಬಂಕಿನಲ್ಲೂ ಅಪ್ಪನಿಗೆ ಆಶ್ಚರ್ಯ. ಇದರ ಟ್ಯಾಂಕ್ ಬಿಗಿಯಾಗಿ ಮುಚ್ಚಿರುತ್ತೆ, ಆವಿ ಹೊರಗೆ ಹೋಗೋ ಹಾಗಿಲ್ಲ. ಮುಚ್ಚಳದ ಬಟನ್ ಒತ್ತಿ, ಒತ್ತಡ ಇಳಿಯೋವರೆಗೆ ಕಾಯಿರಿ ಅನ್ನೋ ಸೂಚನೆ ನೋಡ್ತಾ ನಿಲ್ಲಬೇಕು. ಕುಕ್ಕರ್ ಆರೋವರೆಗೆ ಮುಚ್ಚಳ ತೆಗೀಬೇಡ ಅಂತಾರಲ್ಲ, ಹಾಗೆ.

ಅಮ್ಮನ ದೂರು ಒಂದೇ. ಬ್ಯಾಟರಿ ಇಂಗ್ಲಿಷಿನ ಟಿ ಆಕಾರದಲ್ಲಿ ಕಾರಿನ ನಡುವೆ ಉದ್ದಕ್ಕೆ ಮಲಗಿದೆ, ಹಿಂದಿನ ಮಧ್ಯದ ಸೀಟಿನಲ್ಲಿ ಕೂತವರು ಆ ದಿಣ್ಣೆಯ ಎರಡೂ ಕಡೆ ಕಾಲು ಇಳಿಬಿಡಬೇಕು. ಸೀರೆ ಉಟ್ಟವರಿಗೆ ಆಗದ ಮಾತು. ಹಾಗಾಗಿ ಐದು ಜನ ಅಂದರೆ ನಮ್ಮನೆಯವರ ದೊಡ್ಡ ಗಾಡಿ. ಷಿಕಾಗೋ ಪಕ್ಕದ ಅರೋರಾದ ಬಾಲಾಜಿ ದೇವಸ್ಥಾನಕ್ಕೂ ಅದರಲ್ಲೇ ಹೋಗಿದ್ದು. ಸಾಮಾನಿಗೆ ಮಾತ್ರ ಹಿಂಬಾಗಿಲು ಪೂರ್ತಿ ಮೇಲಕ್ಕೆ ತೆರೆಯುತ್ತೆ. ಪಂಪ ಕನ್ನಡ ಕೂಟದ ಯುಗಾದಿಗೆ ಎರಡು ದೊಡ್ಡ ಪಾತ್ರೆ ಬಿಸಿಬೇಳೆಬಾತ್ ಹಿಂದೆ ಕೂರಿಸ್ಕೊಂಡು ಹೋಗಿದ್ದೆ, ಒಂದು ಹನಿ ಚೆಲ್ಲಲಿಲ್ಲ. ವಾಸನೆ ಏಪ್ರಿಲ್‌ವರೆಗೂ ಇತ್ತು.

ಖರ್ಚಿನ ವಿಷಯದಲ್ಲಿ ಸ್ಟೀರಿಂಗ್ ಹಿಂದಿನ ಎಡಗಡೆ ಪ್ಯಾಡಲ್ಲೇ ನನಗೆ ಇಷ್ಟವಾದ ಭಾಗ. ಅದನ್ನ ಹಿಡಿದರೆ ಮೋಟಾರೇ ಗಾಡಿ ನಿಧಾನ ಮಾಡಿ ಆ ಶಕ್ತಿಯನ್ನ ಬ್ಯಾಟರಿಗೆ ವಾಪಸ್ ತುಂಬುತ್ತೆ. ಸಿಗ್ನಲ್ ಕೆಂಪಾಗೋದು ಕಂಡರೆ ಈಗ ನನಗೆ ಖುಷಿ. ಬ್ರೇಕ್ ಪ್ಯಾಡ್ ಇನ್ನೂ ಹಳೇದೇ. ಒಂದು ಸರ್ವಿಸ್ ಸೆಂಟರಿನವರು ಐದು ತಿಂಗಳಿಗೇ ಆಯಿಲ್ ಬದಲಾಯಿಸಿ ಅಂತ ಗಂಟು ಬಿದ್ದರು. ಕಾರು ಆಯಿಲ್ ಇನ್ನೂ 81 ಪರ್ಸೆಂಟ್ ಚೆನ್ನಾಗಿದೆ ಅಂತಿತ್ತು, ಕೈಪಿಡಿ ಎರಡು ವರ್ಷದವರೆಗೆ ಬಿಡಬಹುದು ಅನ್ನುತ್ತೆ. ಪುಟ ತೆಗೆದು ಕೌಂಟರಿನ ಮೇಲಿಟ್ಟೆ. ಟೈರ್ ತಿರುಗಿಸಿ ಕಳಿಸಿದರು. ಬ್ಯಾಟರಿಯ 8 ವರ್ಷದ ವಾರಂಟಿ ಮಾತ್ರ 2025ಕ್ಕೆ ಮುಗೀತು. ಇನ್ನು ಮುಂದೆ ಏನಾದರೂ ಆದರೆ ಅದು ನನ್ನ ಜೇಬಿಗೇ. 2017ರ ಗಾಡಿ ಯಾರಾದರೂ ಮಾರ್ತಿದ್ದರೆ ಬೆಲೆ ಮಾತಾಡುವಾಗ ಇದನ್ನ ಎತ್ತಿ.

ಅಪಾರ್ಟ್‌ಮೆಂಟಿನಲ್ಲಿದ್ದು ಪ್ಲಗ್ ಇಲ್ಲ ಅಂದರೆ ಪ್ಲಗ್-ಇನ್ ಬೇಡ, ಸುಮ್ಮನೆ ಮಾಮೂಲಿ ಹೈಬ್ರಿಡ್ ತಗೊಳ್ಳಿ. ಚಾರ್ಜ್ ಮಾಡದೆ ಓಡಿಸಿದರೆ ಇದು ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರು, ಅಷ್ಟೇ. ದಿನದ ಓಡಾಟ 80-90 ಮೈಲಿ ಇರೋರಿಗೂ ಹೇಳಲ್ಲ. ಮನೆಯಲ್ಲಿ ಪ್ಲಗ್ಗಿದೆ, ಓಡಾಟ ನನ್ನಷ್ಟೇ ಅನ್ನೋರಿಗೆ, ಒಳ್ಳೆ ಬೆಲೆಗೆ ಸಿಕ್ಕರೆ, ಕಣ್ಣು ಮುಚ್ಚಿ ತಗೊಳ್ಳಿ ಅಂತೀನಿ.

ಹೋದ ತಿಂಗಳು ಹಾಸನದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಬಿಡದಿಯಲ್ಲಿ ತಯಾರಾಗೋ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ನೋಡ್ಕೊಂಡು ಬಂದಿದ್ದನಂತೆ. "ಅಕ್ಕ, ಪ್ಲಗ್ ಎಲ್ಲೂ ಕಾಣ್ಲಿಲ್ಲ, ಶೋರೂಮಿನೋರು ಮುಚ್ಚಿಟ್ಟಿದ್ದಾರಾ?" ಇಲ್ಲ ಕಣೋ, ಅದಕ್ಕೆ ಪ್ಲಗ್ಗೇ ಇಲ್ಲ, ಓಡ್ತಾ ತಾನೇ ಚಾರ್ಜ್ ಮಾಡ್ಕೊಳ್ಳುತ್ತೆ, ನೀನು ಪೆಟ್ರೋಲ್ ಹಾಕಿಸಿದರೆ ಸಾಕು ಅಂದೆ. "ಹಾಗಾದ್ರೆ ನಿಂದೇನು ವಿಶೇಷ?" ಅಂದ. ಚಾರ್ಜಿಗೆ ಹಾಕೋಕೆ ಹೊತ್ತಾಗಿತ್ತು, ಆಮೇಲೆ ಹೇಳ್ತೀನಿ ಅಂತ ಫೋನಿಟ್ಟೆ.